ಪ್ರ: ಚೆಕರ್ಸ್‌ನಲ್ಲಿ ಎದುರಾಳಿ ಬೇಕಂತಲೇ ಕಾಯಿ ಕೊಟ್ಟರೆ ಹೊಡೆಯದೆ ಬಿಡಬಹುದಾ?

ಇಲ್ಲ, ಬಿಡೋ ಹಾಗಿಲ್ಲ. ಹೊಡೆಯಲು, ಅಂದರೆ ಅವರ ಕಾಯಿಯ ಮೇಲಿಂದ ಓರೆಯಾಗಿ ಹಾರಿ ಅದರಾಚೆಯ ಖಾಲಿ ಮನೆಗೆ ಇಳಿಯಲು, ದಾರಿ ಇದ್ದರೆ ಹೊಡೆಯಲೇಬೇಕು. ನಿಮ್ಮ ಎದುರಾಳಿ ಮೋಸ ಮಾಡುತ್ತಿಲ್ಲ, ಆ ನಿಯಮವನ್ನೇ ಗಾಳವಾಗಿ ಬಳಸುತ್ತಿದ್ದಾರೆ ಅಷ್ಟೇ.

ಹೇಗೆ ಅಂದರೆ, ನಿಮ್ಮ ಎರಡು ಕಾಯಿ ಓರೆಯಾಗಿ ಒಂದರ ಹಿಂದೆ ಒಂದು ಕೂತಿವೆ ಅಂದುಕೊಳ್ಳಿ. ಹಿಂದಿನ ಮನೆ ತುಂಬಿರುವುದರಿಂದ ಮುಂದಿನದನ್ನು ಅವರು ಹಾರಿ ಹೊಡೆಯಲಾಗದು. ಆಗ ಹಿಂದಿನ ಕಾಯಿಯ ಇನ್ನೊಂದು ಮಗ್ಗುಲಿಗೆ ತಮ್ಮದೊಂದು ಕಾಯಿ ತಳ್ಳುತ್ತಾರೆ. ನೀವು ಖುಷಿಯಿಂದ ಹಾರುತ್ತೀರಿ, ಮನೆ ಖಾಲಿಯಾಯಿತು! ಈಗ ಮುಂದಿನ ಕಾಯಿ ಅವರದು. ಅವರು ಇಳಿದ ಮನೆಯಿಂದ ಮುಂದೆ ಇನ್ನೊಂದು ಕಾಯಿ, ಅದರಾಚೆ ಖಾಲಿ ಮನೆ ಸಿಕ್ಕರೆ ಅದೂ ಹೋಯಿತು. ನಾನೂ ಶುರುವಿನಲ್ಲಿ ಹೀಗೇ ಸಾಲಾಗಿ ಕಾಯಿ ಕಳೆದುಕೊಂಡಿದ್ದೇನೆ.

ಹಾಗಾಗಿ ಹೊಡೆಯುವ ಹೊತ್ತಿಗೆ ಯೋಚಿಸಿ ಪ್ರಯೋಜನವಿಲ್ಲ, ಅದಕ್ಕಿಂತ ಒಂದು ನಡೆ ಮೊದಲೇ ನೋಡಬೇಕು. ನಿಮ್ಮ ಕಡೆಯ ಕೊನೆಯ ಸಾಲಿನ ಕಾಯಿಗಳನ್ನು ಸುಮ್ನೆ ಎತ್ತಬೇಡಿ. ಆ ಸಾಲು ಬರಿದಾದರೆ ಅವರಿಗೆ ಅಲ್ಲಿಗೆ ಕಾಯಿ ತಲುಪಿಸಿ ರಾಜ (ಹಿಂದಕ್ಕೂ ನಡೆಯಬಲ್ಲ ಕಾಯಿ) ಮಾಡಿಕೊಳ್ಳುವುದು ಸಲೀಸು.

ಎರಡು ಕಡೆ ಹೊಡೆಯುವ ಅವಕಾಶ ಇದ್ದರೆ? 64 ಮನೆಯ, ತಲಾ 12 ಕಾಯಿಯ ಆಟದಲ್ಲಿ ಯಾವುದನ್ನಾದರೂ ಆರಿಸಬಹುದು. ಆದರೆ ಆರಿಸಿದ ದಾರಿಯಲ್ಲಿ ಅರ್ಧಕ್ಕೆ ನಿಲ್ಲುವಂತಿಲ್ಲ. 100 ಮನೆಯ ಅಂತರರಾಷ್ಟ್ರೀಯ ಆಟದಲ್ಲಾದರೆ ಜಾಸ್ತಿ ಕಾಯಿ ಸಿಗುವ ದಾರಿಯನ್ನೇ ಹಿಡಿಯಬೇಕು. ನೀವು ಆಡುತ್ತಿರುವುದು ಯಾವುದು ಅಂತ ಮೊದಲೇ ಮಾತಾಡಿಕೊಳ್ಳಿ, ಜಗಳ ಶುರುವಾಗೋದೇ ಅಲ್ಲಿ.

ಅಂದಹಾಗೆ, ಇಬ್ಬರೂ ತಪ್ಪಿಲ್ಲದೆ ಆಡಿದರೆ 64 ಮನೆಯ ಆಟ ಡ್ರಾ ಆಗುತ್ತದೆ ಅಂತ 2007ರಲ್ಲೇ ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮಂಥವರಿಗೆ ಆ ಚಿಂತೆ ಇಲ್ಲ ಬಿಡಿ.