‘ಕಗ್ಗತ್ತಲ ಕೂಪ’ ಮತ್ತು ಏಳು ಅಡಿ

ಪ್ರಿಯ ಲೇಖಕರೆ,

ಇಂಗ್ಲೆಂಡಿನ ಹಳ್ಳಿ ಲಾಕಪ್‌ಗಳ ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಚಿತ್ರಗಳು ಚೆನ್ನಾಗಿವೆ. ವೀಟ್ಲಿಯ ಪಿರಮಿಡ್ ಆಕಾರದ ಲಾಕಪ್ಪು, ಎವರ್ಟನ್ ಫುಟ್‌ಬಾಲ್ ತಂಡದ ಲಾಂಛನ ಸೇರಿದ ಲಾಕಪ್ಪು, ಆ ಭಾಗಗಳೆಲ್ಲ ಹಾಗೆಯೇ ಇರಲಿ. ನನ್ನನ್ನು ಎರಡು ದಿನ ಕಾಡಿದ್ದು ಕ್ಯಾಸಲ್ ಕೇರಿ ಎಂಬ ಊರಿನ ದುಂಡು ಲಾಕಪ್ಪು ‘ರೌಂಡ್ ಹೌಸ್’ ಬಗೆಗಿನ ಎರಡು ವಾಕ್ಯಗಳು.

‘ಈ ಕಗ್ಗತ್ತಲ ಕೂಪದಲ್ಲಿ ವರ್ಷಗಟ್ಟಲೆ ಕೊಳೆತ ಕೈದಿಗಳ ನಿಟ್ಟುಸಿರು ಇಂದಿಗೂ ಕೇಳಿಸುತ್ತದೆ.’ ಯಾರು ಕೊಳೆತರು? 1779ರಲ್ಲಿ 23 ಪೌಂಡ್ ಖರ್ಚಿನಲ್ಲಿ ಕಟ್ಟಿದ್ದು, ಅಡ್ಡಳತೆ 7 ಅಡಿ, ಎತ್ತರ 10 ಅಡಿ ಎಂದು ನೀವೇ ಮುಂದೆ ಬರೆದಿದ್ದೀರಿ. ಕುಡಿದು ಗಲಾಟೆ ಮಾಡಿದವನನ್ನು ಅಮಲು ಇಳಿಯುವವರೆಗೆ, ಗುಮಾನಿಯ ಮೇಲೆ ಹಿಡಿದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರೆಗೆ ಇಂಥ ಕಡೆ ಕೂಡಿಹಾಕುತ್ತಿದ್ದರು. ಬಹುಪಾಲು ಒಂದು ರಾತ್ರಿಯ ಮಾತು. ಆ ಒಂದು ರಾತ್ರಿಯನ್ನೇ ನೀವು ಬರೆದಿಲ್ಲ. ಗೋಡೆಯ ದಪ್ಪ ಕಳೆದರೆ ಆರಡಿ ಆಳು ಅಲ್ಲಿ ಕಾಲು ಚಾಚಬಹುದೆ? ಒಳಗೆ ನಿಂತು ಬಂದವರು ನೀವು, ಹೇಳಬೇಕಾದವರೂ ನೀವೇ.

ಇನ್ನೊಂದು: ‘ಕ್ರೂರ ಪೊಲೀಸರು ಎಳೆದು ತರುತ್ತಿದ್ದರು.’ 1779ರಲ್ಲಿ ಆ ಊರಿಗೆ ಪೊಲೀಸರು ಎಲ್ಲಿಂದ ಬರಬೇಕು? ಕೌಂಟಿಗಳು, ಅಂದರೆ ಅಲ್ಲಿನ ಜಿಲ್ಲೆಗಳು, ಪೊಲೀಸ್ ಪಡೆ ಕಟ್ಟಿಕೊಳ್ಳಲು ಅವಕಾಶ ಕೊಟ್ಟದ್ದು 1839ರ ಕಾಯ್ದೆ, ಕಡ್ಡಾಯವಾದದ್ದು 1856ರಲ್ಲಿ. ಕೊಠಡಿಗಳಿರುವ ಠಾಣೆಗಳು ಬಂದ ಮೇಲೆ ಈ ಪುಟ್ಟ ಕಟ್ಟಡಗಳಿಗೆ ಕೆಲಸ ತಪ್ಪಿತು. ಅದಕ್ಕೆ ಮೊದಲು ಬೀಗ ಹಾಕುತ್ತಿದ್ದವನು ಪ್ಯಾರಿಷ್ ಕಾನ್‌ಸ್ಟೇಬಲ್, ಅಂದರೆ ಚರ್ಚಿನ ವ್ಯಾಪ್ತಿಯ ಊರಿನ ಕಾವಲಿನ ಹೊಣೆಗಾರ. ಸಾಮಾನ್ಯವಾಗಿ ಸಂಬಳವಿಲ್ಲದೆ, ಒಂದು ವರ್ಷದ ಮಟ್ಟಿಗೆ ಆ ಹೊಣೆ ಹೊತ್ತ ಊರಿನವನೇ. ರಾತ್ರಿ ನೆರೆಮನೆಯವನನ್ನು ಕೂಡಿಹಾಕಿ, ಬೆಳಿಗ್ಗೆ ಬಾಗಿಲು ತೆಗೆದು ಅವನ ಮುಖ ನೋಡಬೇಕಾದವನು! ‘ಕ್ರೂರ’ ಎಂಬ ಒಂದು ಪದ ಇಷ್ಟನ್ನೂ ನುಂಗಿಬಿಟ್ಟಿದೆ. ನನಗೆ ಸಿಟ್ಟು ಬಂದದ್ದು ಇದಕ್ಕೆ.

ಪತ್ರಿಕೆಗೆ ಸೇರಿದ ಹೊಸದರಲ್ಲಿ ನಾನೂ ತಾಲ್ಲೂಕು ಕೇಂದ್ರವೊಂದರ ಪಾಳುಬಿದ್ದ ಬಂದೀಖಾನೆಯ ಬಗ್ಗೆ ಬರೆದು, ‘ನರಕಸದೃಶ’ ಎಂದು ಮುಗಿಸಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಓದಿ, “ಬಾಗಿಲು ಒಳಕ್ಕೆ ತೆರೆಯುತ್ತದೋ, ಹೊರಕ್ಕೋ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ ಹತ್ತಿದೆ. ಹೊರಕ್ಕೆ ತೆರೆಯುತ್ತಿತ್ತು. ಒಳಮೈಯಲ್ಲಿ, ಕುಳಿತವನ ಭುಜದ ಎತ್ತರಕ್ಕೆ, ಮರ ನುಣ್ಣಗೆ ಸವೆದಿತ್ತು. ಎಷ್ಟು ಜನ ಅದಕ್ಕೆ ಒರಗಿ ಕುಳಿತಿದ್ದರೋ! ‘ನರಕಸದೃಶ’ವನ್ನು ನಾನೇ ಹೊಡೆದುಹಾಕಿದೆ.

ನಿಮ್ಮ ನಾಲ್ಕನೆಯ ಪುಟದಲ್ಲಿ ಒಂದು ಸಾಲಿದೆ: ‘ಒಳಗೆ ನಿಂತಾಗ ಹೊರಗೆ ಹೋಗುತ್ತಿದ್ದವರ ಮಾತು ಸ್ಪಷ್ಟವಾಗಿ ಕೇಳಿಸಿತು.’ ಲೇಖನವನ್ನು ಅಲ್ಲಿಂದ ಆರಂಭಿಸಿ. ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಕಳುಹಿಸಿದರೆ ಆ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ