ಕೈ ಆಡದಿದ್ದರೂ ವಿಆರ್‌ನಲ್ಲಿ ಟೈಪ್ ಮಾಡಬಹುದಾ?

ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಎರಡೂ ಕೈ ಆಡುವುದಿಲ್ಲ. ಕತ್ತು, ಕಣ್ಣು, ಮಾತು ಚೆನ್ನಾಗಿವೆ. ಅವನಿಗೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರಿನ ಲೋಕ ತೋರಿಸುವ ಸಾಧನ) ಕೊಡಿಸಬೇಕು ಅಂತಿದ್ದೇವೆ. ಕೈ ಬಳಸದೆ ಅದರಲ್ಲಿ ಟೈಪ್ ಮಾಡಲು ಆಗುತ್ತದಾ? ಕನ್ನಡದಲ್ಲಿ?
– ಓದುಗರು, ಶಿವಮೊಗ್ಗ

ಉತ್ತರ: ಆಗುತ್ತದೆ. ಮಾತು ಚೆನ್ನಾಗಿದೆ ಅಂದಿರಲ್ಲ, ಅದೇ ದೊಡ್ಡ ಬಲ. ಉದ್ದದ ಬರಹವನ್ನು ಅವರು ಬಾಯಲ್ಲೇ ಹೇಳಲಿ. ತಪ್ಪು ತಿದ್ದಲು, ಪಾಸ್‌ವರ್ಡ್ ಹಾಕಲು ಮಾತ್ರ ಕಣ್ಣು, ಕತ್ತು ಬಳಸಲಿ. ಪಾಸ್‌ವರ್ಡನ್ನು ನಾಲ್ಕು ಜನರ ಮುಂದೆ ಜೋರಾಗಿ ಹೇಳೋಕಾಗಲ್ಲ ಅಲ್ವಾ?

ಕಣ್ಣಲ್ಲಿ ಬರೆಯುವುದು ಹೀಗೆ: ಕಣ್ಣೆದುರು ಕೀಬೋರ್ಡ್ ತೇಲುತ್ತದೆ. ಒಂದು ಅಕ್ಷರದ ಮೇಲೆ ನೋಟ ನೆಟ್ಟು ಸ್ವಲ್ಪ ಹೊತ್ತು ನಿಂತರೆ ಅದು ಒತ್ತಿದಂತೆ. ತೊಂದರೆ ಏನೆಂದರೆ, ಕಣ್ಣು ಇರುವುದು ನೋಡೋಕೆ. ಅಕ್ಷರ ಹುಡುಕುತ್ತಾ ನೋಟ ಸುಮ್ನೆ ಒಂದು ಕಡೆ ನಿಂತರೂ ಅಲ್ಲಿನ ಅಕ್ಷರ ಟೈಪ್ ಆಗಿಬಿಡುತ್ತದೆ. ಹಾಗಂತ ಕಾಯುವ ಹೊತ್ತು ಹೆಚ್ಚಿಸಿದರೆ ಬರವಣಿಗೆ ತೆವಳುತ್ತದೆ. ಕಣ್ಣು ಮಿಟುಕಿಸಿ ಒತ್ತುವ ದಾರಿಯೂ ಇದೆ. 2020ರ ಒಂದು ಸಂಶೋಧನೆಯಲ್ಲಿ ನೋಟ ನಿಲ್ಲಿಸುವುದು, ಕತ್ತು ಮುಂದೆ ಹಿಂದೆ ಆಡಿಸುವುದು, ಮಿಟುಕಿಸುವುದು ಮೂರನ್ನೂ ಹೋಲಿಸಿದ್ದರು. ಮಿಟುಕಿಸುವುದೇ ಮುಂದಿತ್ತು. ಆದರೂ ನಿಮಿಷಕ್ಕೆ ಸುಮಾರು 13 ಇಂಗ್ಲಿಷ್ ಪದ, ಅಷ್ಟೇ.

ಕನ್ನಡಕ್ಕೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ನೋಡಿ. ಭಾರತೀಯ ಭಾಷೆಗಳಿಗೆಂದೇ ಇರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಸ, ಹಲಂತ (ಸ್ವರ ತೆಗೆಯುವ ಗುರುತು), ತ, ಹಲಂತ, ರ, ಕೊನೆಗೆ ಈತ್ವ: ಆರು ಸಲ ಕೀಲಿ ಒತ್ತಬೇಕು. ಒಂದೊಂದಕ್ಕೆ ಒಂದು ಸೆಕೆಂಡ್ ಕಾದರೂ ಆರು ಸೆಕೆಂಡ್ ಹೋಯಿತು. ಹುಡುಕುವ ಹೊತ್ತು ಬೇರೆ. ಬಾಯಲ್ಲಿ ಹೇಳಿದರೆ ಕ್ಷಣದ ಕೆಲಸ. ಮಾತಿಗೆ ಮೊದಲ ಜಾಗ ಕೊಡಿ ಅಂದದ್ದು ಇದಕ್ಕೇ.

ಈಗ ಕೊಳ್ಳುವ ಮಾತು. ಕಣ್ಣಿನ ಚಲನೆ ಗುರುತಿಸುವ ವ್ಯವಸ್ಥೆ ಎಲ್ಲ ಹೆಡ್‌ಸೆಟ್‌ಗಳಲ್ಲೂ ಇಲ್ಲ. ಮೆಟಾ ಕ್ವೆಸ್ಟ್ 3ರಲ್ಲಿ ಇಲ್ಲ. ಆ್ಯಪಲ್ ವಿಷನ್ ಪ್ರೋದಲ್ಲಿ ಇದೆ. ನೋಟ ನಿಲ್ಲಿಸಿಯೇ ಒತ್ತುವ ಸೌಲಭ್ಯವೂ ಅದರ ಆ್ಯಕ್ಸೆಸಿಬಿಲಿಟಿ (ಅಂಗವಿಕಲರ ಅನುಕೂಲದ) ಸೆಟ್ಟಿಂಗ್ಸ್‌ನಲ್ಲಿದೆ. ಆದರೆ 2024ರಲ್ಲಿ ಅಮೆರಿಕದಲ್ಲಿ ಬಂದಾಗಲೇ ಅದರ ಬೆಲೆ 3,499 ಡಾಲರ್. ಯಾವುದನ್ನೇ ಆರಿಸಿ, ಕನ್ನಡದ ಕೀಬೋರ್ಡ್ ಮತ್ತು ಧ್ವನಿ ಟೈಪಿಂಗ್ ಎರಡೂ ಇವೆಯಾ ಅಂತ ಅಂಗಡಿಯಲ್ಲೇ ತೆರೆದು ನೋಡಿ.

ಈ ಎರಡೂ ಹೆಡ್‌ಸೆಟ್‌ಗಳು ಅರ್ಧ ಕಿಲೋ ಮೇಲೆಯೇ ತೂಗುತ್ತವೆ. ಪೆಟ್ಟು ಬಿದ್ದ ಬೆನ್ನುಹುರಿಗೆ ಆ ಭಾರ ಆಗಿಬರುತ್ತದಾ ಅಂತ ಮೊದಲು ಅವರ ಡಾಕ್ಟರನ್ನು ಕೇಳಿ. ಡಾಕ್ಟರ್ ಸರಿ ಅಂದ ಮೇಲೆ ತಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅವರು ಗಾಲಿಕುರ್ಚಿಯಲ್ಲೇ ಕೂತು, ಅರ್ಧ ಗಂಟೆ ಹಾಕಿಕೊಂಡು, ಸ್ವಂತ ಹೆಸರು ಬರೆದು ನೋಡಲಿ.