ಆಕಾಶದ ಗೋಳ ಉಲ್ಟಾ ಯಾಕಿದೆ?

ಪ್ರಶ್ನೆ: ನಮ್ಮ ಹಳೇ ಮನೆಯ ಅಟ್ಟದಲ್ಲಿ ಸ್ಟ್ಯಾಂಡ್ ಸಮೇತ ಒಂದು ಗೋಳ ಸಿಕ್ಕಿದೆ. ಭೂಪಟ ಅಲ್ಲ, ಕರಡಿ, ಸಿಂಹ, ನಕ್ಷತ್ರಗಳು. 'ಕ್ಯಾರಿ, ಲಂಡನ್' ಅಂತ ಇದೆ. ಆದರೆ ಸಪ್ತರ್ಷಿ ಮಂಡಲ ಎಡಬಲ ಉಲ್ಟಾ, ಮೇಷ ಮಾರ್ಚ್‌ನಲ್ಲೇ ಶುರು! ನಕಲಿಯಾ?
- ಓದುಗರು, ಬ್ರಹ್ಮಾವರ

ಉತ್ತರ: ಇಷ್ಟಕ್ಕೇ ನಕಲಿ ಅನ್ನಬೇಡಿ. ನಾವು ಆಕಾಶವನ್ನು ಒಳಗಿನಿಂದ ನೋಡುತ್ತೇವೆ, ಗೋಳವನ್ನು ಹೊರಗಿನಿಂದ. ಹಾಗಾಗಿ ಎಡಬಲ ಅದಲುಬದಲಾಗಲೇಬೇಕು. ಮೇಷದ ಕಥೆ ಇನ್ನೂ ಸ್ವಾರಸ್ಯ. ಸೂರ್ಯ ಮೇಷಕ್ಕೆ ಬಂದ ಅಂತ ನಾವು ಹೊಸ ವರ್ಷದ ಬಿಸುಕಣಿ ಇಡುವುದು ಏಪ್ರಿಲ್ 14ರ ಸುಮಾರಿಗೆ, ನಮ್ಮ ಪಂಚಾಂಗದ ಲೆಕ್ಕ ನಕ್ಷತ್ರಗಳದ್ದು. ಇಂಗ್ಲಿಷರು ಹಗಲು ರಾತ್ರಿ ಸಮವಾಗುವ ಮಾರ್ಚ್ ದಿನದಿಂದಲೇ ಮೇಷ ಎಣಿಸುತ್ತಿದ್ದರು. ಆ ದಿನ ಸೂರ್ಯ ಇರುವ ಬಿಂದು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, ಸರಿದು ಸರಿದು ಈಗ ಅಂತರ ಸುಮಾರು 24 ಡಿಗ್ರಿ. ಪಂಚಾಂಗದಲ್ಲಿ ಅಯನಾಂಶ ಅಂತ ಇರುತ್ತಲ್ಲ, ಅದೇ ಇದು. ಇದಕ್ಕೇ ಗೋಳದವರು ನಕ್ಷತ್ರಗಳ ಸ್ಥಾನ ಯಾವ ವರ್ಷದ್ದು ಅಂತ ಅಚ್ಚು ಹಾಕುತ್ತಿದ್ದರು. ಲಂಡನ್ನಿನ ಗೋಳ ತಯಾರಕರಾದ ಕ್ಯಾರಿಯವರ 1799ರ ಗೋಳದಲ್ಲಿ ಅದು 1800ಕ್ಕೆ. ಆದರೆ ಮುದ್ರಣದ ತಾಮ್ರದ ಅಚ್ಚನ್ನು ದಶಕಗಟ್ಟಲೆ ಬಳಸುತ್ತಿದ್ದರು, ಆ ವರ್ಷವನ್ನೇ ತಯಾರಾದ ವರ್ಷ ಅಂದುಕೊಳ್ಳಬೇಡಿ.

ಪರೀಕ್ಷೆಗೆ ಭೂತಗನ್ನಡಿ ಸಾಕು. ತಾಮ್ರದ ಅಚ್ಚಿನದ್ದಾದರೆ ಗೆರೆ ಪೂರ್ತಿ ಗೆರೆಯಾಗೇ ಕಾಣುತ್ತದೆ, ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಸಣ್ಣ ಸಣ್ಣ ಚುಕ್ಕಿಗಳು. ಕಾಗದದ ಜೋಡಣೆಯನ್ನೂ ನೋಡಿ, ಅದರ ಬಗ್ಗೆ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಇಂಥ ಗೋಳ ಒಳಗೆ ಮರದ್ದಾ? ಮೇಲೆ ಕಂದು ಬಣ್ಣಕ್ಕೆ ತಿರುಗಿದ್ದರೆ ತೊಳೆಯಬಹುದಾ?
- ಓದುಗರು, ಕದ್ರಿ, ಮಂಗಳೂರು

ಉತ್ತರ: ತೊಳೆಯಲೇಬೇಡಿ! ಮರ ಇರುವುದು ನಡುವಿನ ಕಂಬಕ್ಕೆ ಮಾತ್ರ. ಗುಂಡಗಿನ ಅಚ್ಚಿನ ಮೇಲೆ ಕಾಗದ ಅಂಟಿಸಿ, ಒಣಗಿದ ಮೇಲೆ ಎರಡು ಹೋಳು ಮಾಡಿ ಬಿಡಿಸಿ, ಕಂಬಕ್ಕೆ ಜೋಡಿಸಿ ಹೊಲಿದು, ಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಗಾರೆ ಬಳಿದು ನಯ ಮಾಡುತ್ತಿದ್ದರು. ಒಂದು ಕಡೆ ಭಾರವಾದರೆ ಒಳಗೆ ಸೀಸದ ಗುಂಡುಗಳ ಚೀಲ ಇಟ್ಟು ತೂಕ ಸರಿಮಾಡುತ್ತಿದ್ದರು. ಆಮೇಲೆ ಮುದ್ರಿಸಿದ ಕಾಗದ, ಸಾಮಾನ್ಯವಾಗಿ 12 ಹೋಳು, ಕಿತ್ತಳೆಯ ತೊಳೆಗಳ ಆಕಾರದಲ್ಲಿ. ಒದ್ದೆ ಕಾಗದ ಹಿಗ್ಗುತ್ತದೆ, ಆದರೂ ಒಂದು ನಕ್ಷತ್ರದ ಅರ್ಧ ಈ ಹೋಳಿನಲ್ಲಿ, ಅರ್ಧ ಪಕ್ಕದಲ್ಲಿ ಇದ್ದರೆ ಎರಡೂ ಕೂಡಲೇಬೇಕು. ನನ್ನ ಪ್ರಕಾರ ನಿಜವಾದ ಕೈಚಳಕ ಇಲ್ಲೇ, ಗೋಳವನ್ನು ಹಿಡಿದಿಡುವ ಹಿತ್ತಾಳೆ ಬಳೆಯಲ್ಲಲ್ಲ. ಬಣ್ಣ ಕೈಯಲ್ಲಿ ತುಂಬಿ ವಾರ್ನಿಶ್ ಬಳಿದರೆ ಗೋಳ ಸಿದ್ಧ. ಕಂದಾಗುವುದು ಆ ವಾರ್ನಿಶ್ಸೇ. ಬಿರುಕಿನಿಂದ ನೀರು ಇಳಿದರೆ ಅಂಟು ಬಿಟ್ಟು ಕಾಗದ ಎದ್ದೇಳುತ್ತದೆ, ಬಣ್ಣ ಹರಡುತ್ತದೆ. ತೆಂಗಿನೆಣ್ಣೆ ಹಚ್ಚಿ ಹೊಳಪು ತರುವ ಆಸೆಯೂ ಬೇಡ.

ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಬೂಸ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿಸದೆ, ಬಿಸಿಲು ಬೀಳದ ಕಡೆ ಇಡಿ, ಗೆದ್ದಲಿನ ಮೇಲೂ ಕಣ್ಣಿರಲಿ. ಸಾಗಿಸುವಾಗ ಬಳೆ ಹಿಡಿದು ಎತ್ತಬೇಡಿ, ಸ್ಟ್ಯಾಂಡಿನ ಬುಡಕ್ಕೆ ಕೈಕೊಡಿ.